ಎರಡು ಸಿಲೋನು, ಎರಡು ಕುಂಕುಮ

ನಮ್ಮ ಮನೆಯ ವಾಲ್ವ್ ರೇಡಿಯೋದ ಡಯಲ್ ಗಾಜಿನ ಮೇಲೆ ಲಂಡನ್, ಮಾಸ್ಕೋ, ಕೈರೋ ಎಲ್ಲವೂ ಇದ್ದವು. ಆಲ್ ವೇವ್ ಸೆಟ್ ಅಂದರೆ ಸುಮ್ನೆ ಆಯ್ತಾ? ನಮಗೆ ಸಿಗುತ್ತಿದ್ದದ್ದು ಮಾತ್ರ ಮೀಡಿಯಂ ವೇವ್‌ನಲ್ಲಿ ಬೆಂಗಳೂರು, ಶಾರ್ಟ್ ವೇವ್‌ನಲ್ಲಿ ಸಿಲೋನು, ಅಂದರೆ ಶ್ರೀಲಂಕಾದ ರೇಡಿಯೋ. ಉಳಿದ ಪ್ರಪಂಚವೆಲ್ಲ ಗೊರಗೊರ.

ಆದರೆ ಸಿಲೋನು ಡಯಲ್ ಮೇಲೆ ಎರಡು ಕಡೆ ಬರುತ್ತಿತ್ತು. "ಒಂದು ಹಾಳಾದ್ರೆ ಇನ್ನೊಂದು ಇರಲಿ ಅಂತ ಎರಡು ಸ್ಟೇಷನ್ ಮಡಗವ್ರೆ ಕಣ್ಲಾ" ಅನ್ನೋದು ಅಜ್ಜನ ತೀರ್ಮಾನ. ಅಸಲು ಕಥೆ ಬೇರೆ. ರೇಡಿಯೋ ಒಳಗೇ ಒಂದು ಅಲೆ ಹುಟ್ಟಿಸಿ, ಅದನ್ನು ಏರಿಯಲ್‌ನಿಂದ ಬಂದ ಅಲೆಯ ಜೊತೆ ಬೆರೆಸುತ್ತದೆ. ಎರಡರ ನಡುವಿನ ವ್ಯತ್ಯಾಸ ಸುಮಾರು 455 ಕಿಲೋಸೈಕಲ್ (ಈಗಿನ ಕಿಲೋಹರ್ಟ್ಸ್) ಇದ್ದರೆ ಆ ಸ್ಟೇಷನ್ ಒಳಗೆ ಬರುತ್ತದೆ. ಬಂದ ಅಲೆ ಒಳಗಿನ ಅಲೆಗಿಂತ 455 ಮೇಲಿದೆಯೋ ಕೆಳಗಿದೆಯೋ ಅಂತ ವಿಚಾರಿಸುವುದಿಲ್ಲ. ಹಾಗಾಗಿ ಜೋರಾದ ಸ್ಟೇಷನ್ 910 ಕಿಲೋಸೈಕಲ್ ದೂರದಲ್ಲಿ ಇನ್ನೊಮ್ಮೆ ಹಣಕುತ್ತಿತ್ತು. ಇದನ್ನು ಅಜ್ಜನಿಗೆ ಹೇಳುವ ಧೈರ್ಯ ಯಾರಿಗಿತ್ತು?

ನಮ್ಮದು ಎಸಿ-ಡಿಸಿ ಸೆಟ್ಟು, ಎರಡೂ ಬಗೆಯ ಕರೆಂಟಿಗೆ ನಡೆಯುವಂಥದ್ದು. ಟ್ರಾನ್ಸ್‌ಫಾರ್ಮರ್ ಇಲ್ಲ. ಬಲ್ಬಿನಂಥ ಐದು ಗಾಜಿನ ವಾಲ್ವುಗಳ ಫಿಲಮೆಂಟನ್ನು, ಅಂದರೆ ಒಳಗೆ ಕಾಯುವ ತಂತಿಯನ್ನು, ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟಿನ ಹಾಗೆ ಸಾಲಾಗಿ ಪೋಣಿಸಿ ನೇರ ಲೈನಿಗೇ ಕೊಟ್ಟಿದ್ದರು. ಒಂದು ಹೋದರೆ ಐದೂ ತಣ್ಣಗೆ. ಐದಕ್ಕೂ ಸೇರಿ ಬೇಕಾದದ್ದು ಸುಮಾರು 130 ವೋಲ್ಟು. ಮಿಕ್ಕ 100 ವೋಲ್ಟನ್ನು ದಪ್ಪನೆಯ ರೆಸಿಸ್ಟರ್ ಒಂದು ಸುಟ್ಟು ಶಾಖ ಮಾಡುತ್ತಿತ್ತು. ಅದರ ಪೂರ್ತಿ ಲಾಭ ಪೆಟ್ಟಿಗೆಯ ಮೇಲೆ ಮಲಗುತ್ತಿದ್ದ ಬೆಕ್ಕಿಗೆ. ಚಳಿಗಾಲದಲ್ಲಿ ಅದರ ಬಾಲ ಡಯಲ್ ಮೇಲೆ ಇಳಿಬಿದ್ದು ಮಾಸ್ಕೋ ಕಾಣುತ್ತಲೇ ಇರಲಿಲ್ಲ.

ಇಂಥ ಸೆಟ್ಟುಗಳಲ್ಲಿ ಲೈನಿನ ಒಂದು ತಂತಿ ಒಳಗಿನ ತಗಡಿನ ಚಾಸಿಗೇ ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ಗನ್ನು ಒಂದು ಮಗ್ಗುಲಲ್ಲಿ ಹಾಕಿದರೆ ಚಾಸಿಗೆ ನ್ಯೂಟ್ರಲ್, ತಿರುಗಿಸಿ ಹಾಕಿದರೆ ಫೇಸ್, ಮುಟ್ಟಿದವರಿಗೆ ಶಾಕ್. ಕರೆಂಟು ಹರಿಯದ ಬೇಕಲೈಟ್ ತಿರುಪು ಕೈಗೂ ಕಡ್ಡಿಗೂ ನಡುವೆ ಇರುವವರೆಗೆ ಚಿಂತೆಯಿಲ್ಲ. ನಮ್ಮದರಲ್ಲಿ ಟ್ಯೂನಿಂಗ್ ತಿರುಪು ಯಾವ ಕಾಲದಲ್ಲೋ ಕಳೆದುಹೋಗಿ ಚಾಸಿಗೆ ತಗುಲಿಕೊಂಡ ಬರೀ ಕಬ್ಬಿಣದ ಕಡ್ಡಿ ಉಳಿದಿತ್ತು.

ಇದಕ್ಕೆ ಉಪಾಯ ಹುಡುಕಿದ್ದು ಅಜ್ಜಿ. ರಿಪೇರಿಯವನು ಸರಿಯಾಗಿ ಹಾಕಿಕೊಟ್ಟ ದಿನವೇ ಪ್ಲಗ್ಗಿನ ಮೇಲ್ಭಾಗಕ್ಕೆ ಒಂದು ಬೊಟ್ಟು ಕುಂಕುಮ ಇಟ್ಟುಬಿಟ್ಟರು. ಕುಂಕುಮ ಮೇಲೆ ಬಂದರೆ ಕ್ಷೇಮ. ಇದಕ್ಕಿಂತ ಸುಲಭದ ಗುರುತು ಬೇಕಾ?

ಆಯುಧಪೂಜೆ ಬಂತು. ಚಿಕ್ಕಮ್ಮ ಸೈಕಲ್ಲು, ಇಸ್ತ್ರಿಪೆಟ್ಟಿಗೆ, ಈಳಿಗೆಮಣೆ, ರೇಡಿಯೋ ಎಲ್ಲ ತೊಳೆದು ಒರೆಸಿ ಕುಂಕುಮ ಇಟ್ಟರು. ಅವರದು ಅಚ್ಚುಕಟ್ಟು ಸ್ವಲ್ಪ ಜಾಸ್ತಿ. ಪ್ಲಗ್ಗಿಗೆ ಒಂದೇ ಕಡೆ ಇಟ್ಟರೆ ಚೆನ್ನಾಗಿರಲ್ಲ ಅಂತ ಎರಡೂ ಕಡೆ ಇಟ್ಟರು.

ಮರುದಿನ ಬೆಳಗ್ಗೆ ಚಿಕ್ಕಪ್ಪ ಕುಂಕುಮ ನೋಡಿಯೇ ಪ್ಲಗ್ ಹಾಕಿದರು. ವಾಲ್ವು ಕಾದು ದನಿ ಬರಲು ಅರ್ಧ ನಿಮಿಷವಾದರೂ ಬೇಕು. ಅಷ್ಟರಲ್ಲಿ ಸ್ಟೇಷನ್ ಸರಿಮಾಡೋಣ ಅಂತ ಕಡ್ಡಿಗೆ ಕೈಹಾಕಿದರು. ಮರುಕ್ಷಣ ಅವರೊಂದು ಕಡೆ, ಬೆಕ್ಕೊಂದು ಕಡೆ.

ಒಳಗಿನಿಂದ ಅಜ್ಜ ಕೂಗಿದರು, "ಏನ್ಲಾ ಅದು ಸದ್ದು, ಮಾಸ್ಕೋ ಸಿಕ್ತಾ?"