ನಿಂತ ರಕ್ತವನ್ನು ನಂಬಬೇಡಿ

ನಿಮ್ಮ ಬರಹದಲ್ಲಿ, ಕ್ಯಾನ್ಸರ್‌ಗೆ ರೇಡಿಯೇಷನ್ ಆದ ಕುತ್ತಿಗೆಯ ಗಾಯದಿಂದ ಸ್ವಲ್ಪ ರಕ್ತ ಬಂದು ತಾನೇ ನಿಂತರೆ ಮುಂದಿನ ಓಪಿಡಿಯಲ್ಲಿ ತೋರಿಸಿದರೆ ಸಾಕು ಎಂದಿದ್ದೀರಿ. ಈ ಸಾಲು ದಯವಿಟ್ಟು ತಿದ್ದಿ. ಕ್ಯಾರೋಟಿಡ್ (ಮೆದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ದೊಡ್ಡ ರಕ್ತನಾಳ) ಒಡೆಯುವ ಮುನ್ನ ಎಷ್ಟೋ ಸಲ ಹೀಗೇ ಸ್ವಲ್ಪ ಸೋರಿ ನಿಲ್ಲುತ್ತದೆ. ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ಧಾರೆಯಾಗಿ ಚಿಮ್ಮಬಹುದು. ಫಿಸ್ಟುಲಾ ಆಗಿ (ಗಂಟಲಿನಿಂದ ಗಾಯಕ್ಕೆ ತೂತು ಬಿದ್ದು) ಜೊಲ್ಲು ಈ ರಕ್ತನಾಳದ ಮೇಲೆ ಇಳಿಯುತ್ತಿದ್ದರಂತೂ ಅದೇ ದಿನ ಸಿಟಿ ಆಂಜಿಯೋ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಆಗಬೇಕು.

ರಕ್ತ ಬರುತ್ತಿದ್ದರೆ ಗಾಜ್ ಇಟ್ಟು ಆ ಜಾಗವನ್ನೇ ಬೆರಳಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ನಿಂತಿತಾ ಅಂತ ಮತ್ತೆ ಮತ್ತೆ ಎತ್ತಿ ನೋಡುವುದೇ ಮನೆಯವರು ಮಾಡುವ ದೊಡ್ಡ ತಪ್ಪು. ಬಾಯಿಂದ ಬಂದರೆ ಅಂಗಾತ ಬೇಡ, ಮಗ್ಗುಲಾಗಿ ಮಲಗಿಸಿ. ಟ್ರಾಕಿಯಾಸ್ಟಮಿ ಟ್ಯೂಬಿಗೆ (ಉಸಿರಾಟಕ್ಕೆ ಕುತ್ತಿಗೆಯಲ್ಲಿ ಹಾಕಿದ ನಳಿಗೆ) ಕಫ್, ಅಂದರೆ ಗಾಳಿ ತುಂಬುವ ಬಲೂನ್, ಇದ್ದರೆ ನರ್ಸ್ ಅದನ್ನು ಉಬ್ಬಿಸಲಿ, ರಕ್ತ ಶ್ವಾಸಕೋಶಕ್ಕೆ ಇಳಿಯುವುದು ಕಡಿಮೆಯಾಗುತ್ತದೆ.

ಚಿಕಿತ್ಸೆಗೆ ಹೋಗುವುದಾದರೆ ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿ.ಮೀ. ಹೊರಡುವ ಮುನ್ನ ಫೋನ್ ಮಾಡಿ "ಕ್ಯಾಥ್ ಲ್ಯಾಬ್ ಇದೆಯಾ" ಎಂದಷ್ಟೇ ಕೇಳಬೇಡಿ (ರಕ್ತನಾಳದೊಳಗೆ ಸಣ್ಣ ನಳಿಗೆ ತೂರಿಸಿ ಚಿಕಿತ್ಸೆ ಮಾಡುವ ಈ ಕೋಣೆ ಹೃದಯದ ಆಸ್ಪತ್ರೆಗಳಲ್ಲೂ ಇರುತ್ತದೆ), "ಕುತ್ತಿಗೆಯ ನಾಳಕ್ಕೆ ಕಾಯಿಲ್, ಕವರ್ಡ್ ಸ್ಟೆಂಟ್ ಹಾಕುವವರು ಈಗ ಸಿಗುತ್ತಾರಾ" ಎಂದು ಕೇಳಿ. ಕಾಯಿಲ್ ಅಂದರೆ ನಾಳವನ್ನು ಮುಚ್ಚುವ ಸಣ್ಣ ಸುರುಳಿ, ಕವರ್ಡ್ ಸ್ಟೆಂಟ್ ಅಂದರೆ ಸೋರುವ ಜಾಗಕ್ಕೆ ಒಳಗಿಂದ ಹೊದಿಸುವ ನಳಿಗೆ.

ಸ್ಟೆಂಟ್ ಶಾಶ್ವತ ಪರಿಹಾರ ಎಂದು ನೀವು ಹೇಳಿರುವುದೂ ಸರಿಯಲ್ಲ. ಸೋಂಕಿದ ಗಾಯದಲ್ಲಿ ಅದಕ್ಕೂ ಸೋಂಕು ತಗುಲಿ ಮತ್ತೆ ಸೋರಬಹುದು. ಮೇಲಾಗಿ ಸ್ಟೆಂಟ್ ಕಟ್ಟಿಕೊಳ್ಳದಿರಲು ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಸೋರುವಿಕೆಯನ್ನು ಹೆಚ್ಚಿಸುತ್ತವೆ.