ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?

ಸಂಜೆ ಏಳೂಮುಕ್ಕಾಲು. ಕುಕ್ಕರು ಮೂರನೇ ಸೀಟಿ ಹಾಕುವ ಹೊತ್ತಿಗೆ ಸರಿಯಾಗಿ ನಡುಮನೆಯಿಂದ "ನೆಟ್ ಹೋಯ್ತು" ಅಂತ ಒಂದು ದನಿ, ಕೋಣೆಯಿಂದ "ನಂದೂ ಹೋಯ್ತು" ಅಂತ ಇನ್ನೊಂದು. ಮೀಟಿಂಗಿನಲ್ಲಿದ್ದವರ ಬಾಸು ಪರದೆಯ ಮೇಲೆ ಅರ್ಧ ಬಾಯಿ ತೆರೆದು ಹಾಗೇ ನಿಂತಿದ್ದಾರೆ. ಈ ವಾರದಲ್ಲಿ ಇದು ನಾಲ್ಕನೇ ಸಲ. ಇಷ್ಟೆಲ್ಲ ಆದರೂ ಟೀವಿ ಪಕ್ಕದ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತ ರೌಟರಿಗೆ ಯಾವ ಚಿಂತೆಯೂ ಇಲ್ಲ, ಮದುವೆ ಮನೆಯ ಸೀರಿಯಲ್ ಸೆಟ್ಟಿನ ಹಾಗೆ ಮಿಣುಕುತ್ತಿದೆ.

ಮೊದಲು ಆ ಬಟ್ಟೆ ತೆಗೆಯಿರಿ. ಪುಣ್ಯಾತ್ಮರು ರೌಟರಿನ ಮೈತುಂಬ ಸೀಳುಗಳನ್ನು ಕೊಟ್ಟಿದ್ದು ಬಿಸಿ ಹೊರಗೆ ಹೋಗಲಿ ಎಂದು. ಇಪ್ಪತ್ನಾಲ್ಕು ಗಂಟೆಯೂ ದುಡಿಯುವ ಪೆಟ್ಟಿಗೆಗೆ ಏಪ್ರಿಲ್ ತಿಂಗಳಲ್ಲಿ ಶಾಲು ಹೊದಿಸಿ ಸನ್ಮಾನ ಮಾಡಿದರೆ ಅದಕ್ಕೆ ತಲೆ ತಿರುಗದೆ ಇನ್ನೇನಾಗುತ್ತದೆ? ಬಟ್ಟೆಯ ಮೇಲೊಂದು ಪ್ಲಾಸ್ಟಿಕ್ ಹೂಕುಂಡವೂ ಇದ್ದರೆ ಅದನ್ನೂ ಇಳಿಸಿ.

ಇನ್ನು ಆಫ್ ಮಾಡಿ ಆನ್ ಮಾಡುವ ವಿಚಾರ. ಕಸ್ಟಮರ್ ಕೇರಿಗೆ ಫೋನು ಹಾಯಿಸಿದರೆ, ನಿಮ್ಮ ಕರೆ ಎಷ್ಟು ಅಮೂಲ್ಯ ಎಂದು ಹನ್ನೆರಡು ನಿಮಿಷ ಹಾಡು ಸಮೇತ ಕೇಳಿಸಿದ ಮೇಲೆ ಬರುವ ಮೊದಲ ಪ್ರಶ್ನೆ ಅದೇ. ಹಾಗಂತ ಅದು ಬುರುಡೆಯಲ್ಲ. ಮನೆಯ ಯಾವ ಫೋನು ಯಾವ ಸೈಟಿನ ಜೊತೆ ಮಾತಾಡುತ್ತಿದೆ ಎಂಬ ಲೆಕ್ಕವನ್ನು ರೌಟರು ತನ್ನ ಪುಟಾಣಿ ಮೆಮೊರಿಯಲ್ಲಿ ಬರೆದುಕೊಳ್ಳುತ್ತಲೇ ಇರುತ್ತದೆ. ವಾರಗಟ್ಟಲೆ ಅಳಿಸದೆ ಬಿಟ್ಟರೆ ಕೆಲವು ಸಲ ಸ್ಲೇಟು ತುಂಬಿ ಹೋಗುವುದುಂಟು. ಕರೆಂಟು ತೆಗೆದರೆ ಸ್ಲೇಟು ಖಾಲಿ. ಆದರೆ ಒಳಗಿನ ಕೆಪ್ಯಾಸಿಟರುಗಳಲ್ಲಿ ಉಳಿದ ಕರೆಂಟು ಪೂರ್ತಿ ಇಳಿಯುವುದಕ್ಕೆ ಕೊಂಚ ಹೊತ್ತು ಬೇಕು, ಅದಕ್ಕೇ ಮೂವತ್ತು ಸೆಕೆಂಡು ಕಾಯಿರಿ ಎನ್ನುವುದು. ನಮ್ಮ ಕಡೆ ಮೂವತ್ತು ಸೆಕೆಂಡು ಅಂದರೆ ಸ್ವಿಚ್ಚನ್ನು ಟಪ್ ಎಂದು ಒತ್ತಿ ಟಪ್ ಎಂದು ಎತ್ತುವಷ್ಟು. ಆನ್ ಮಾಡಿದ ಮೇಲೂ ಅದು ಎದ್ದು, ಮುಖ ತೊಳೆದು, ಕೆಲಸಕ್ಕೆ ಕೂರುವುದಕ್ಕೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಅಷ್ಟರೊಳಗೆ "ಇನ್ನೂ ಬಂದಿಲ್ಲ ನೋಡು" ಎಂದು ಇನ್ಯಾರೋ ಬಂದು ಮತ್ತೆ ಆಫ್ ಮಾಡಿರುತ್ತಾರೆ.

ಆಫ್ ಮಾಡುವ ಮುಂಚೆ ದೀಪ ನೋಡುವ ಅಭ್ಯಾಸ ಮಾತ್ರ ಯಾರಿಗೂ ಇಲ್ಲ. ನೆಟ್ಟನ್ನು ಬೆಳಕಿನ ರೂಪದಲ್ಲಿ ತರಿಸಿಕೊಳ್ಳುವ ಫೈಬರ್ ಪೆಟ್ಟಿಗೆಯಲ್ಲಿ ಪಾನ್ (PON) ಎಂಬ ದೀಪ ಹಸಿರಾಗಿ ಸ್ಥಿರವಾಗಿರಬೇಕು. ಎಲ್‌ಒಎಸ್ (LOS) ಎಂಬುದು ಆರಿರಬೇಕು. ಅದು ಕೆಂಪಗೆ ಮಿಣುಕಿದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ ಎಂದರ್ಥ. ಆಗ ರೌಟರನ್ನು ನೂರೊಂದು ಸಲ ಆಫ್ ಮಾಡಿದರೂ ಪ್ರಯೋಜನವಿಲ್ಲ, ಬಾವಿ ಬತ್ತಿದಾಗ ರಾಟೆಗೆ ಎಣ್ಣೆ ಹಾಕಿದ ಹಾಗೆ. ಬೀದಿಯಲ್ಲಿ ತೆಂಗಿನ ಗರಿ ಬಿದ್ದಿರಬಹುದು, ಅಳಿಲು ಕಡಿದಿರಬಹುದು, ಯಾರೋ ಚರಂಡಿ ಅಗೆದಿರಬಹುದು. ಇವ್ಯಾವುದೂ ಅಲ್ಲದಿದ್ದರೆ ಮನೆಯೊಳಗೇ ಆ ಹಳದಿ ತಂತಿಯನ್ನು ಮೊಳೆಗೆ ಸುತ್ತಿ ಗಂಟು ಹಾಕಿದ ಮಹಾನುಭಾವರು ಇದ್ದೇ ಇರುತ್ತಾರೆ. ಅದು ಬಟ್ಟೆ ಒಣಗಿಸುವ ಹಗ್ಗವಲ್ಲ, ಗಾಜಿನ ಎಳೆ. ಬೆಳಕು ಓಡುವ ಒಳದಾರಿ ಬರೀ 9 ಮೈಕ್ರಾನ್ ಅಗಲ. ಬಿಗಿಯಾಗಿ ಬಗ್ಗಿಸಿದರೆ ತಿರುವಿನಲ್ಲೇ ಬೆಳಕು ಸೋರಿ ಹೋಗುತ್ತದೆ. ಕಾಫಿ ಲೋಟದ ಬಾಯಿಗಿಂತ ಸಣ್ಣ ಸುತ್ತು ಬೇಡ. ಲೈನ್‌ಮನ್ನು ಬೆಳಕಿನ ಬಲ ಅಳೆಯುವ ಮೀಟರು ಹಿಡಿದು "ಮೈನಸ್ 20" ಎಂದರೆ ಗಾಬರಿಯಾಗಬೇಡಿ, ಅದು ಒಳ್ಳೆಯ ಸುದ್ದಿ. ಮೈನಸ್ 27ರ ಆಚೆ ಹೋದರೆ ಮಾತ್ರ ಸಂಪರ್ಕ ಬಂದೂ ಹೋಗಿಯೂ ಆಟ ಆಡಿಸುತ್ತದೆ.

ದೀಪವೆಲ್ಲ ಸರಿಯಿದ್ದೂ ರೌಟರು ತನ್ನಷ್ಟಕ್ಕೆ ಸತ್ತು ಹುಟ್ಟುತ್ತಿದ್ದರೆ ಅಡಾಪ್ಟರನ್ನು ಅನುಮಾನಿಸಿ. ವರ್ಷಗಳು ಕಳೆದಂತೆ ಅದು ಹಗುರ ಕೆಲಸಕ್ಕೆ 12 ವೋಲ್ಟ್ ಕೊಟ್ಟು, ಎಲ್ಲರೂ ಒಟ್ಟಿಗೆ ವಿಡಿಯೋ ಹಾಕಿದೊಡನೆ ಕುಸಿಯುತ್ತದೆ. ಹೊಸದು ತರುವಾಗ ವೋಲ್ಟ್ ಅಷ್ಟೇ ಇರಲಿ, ಆಂಪಿಯರ್ ಜಾಸ್ತಿಯಾದರೆ ತೊಂದರೆಯಿಲ್ಲ. ಡಬ್ಬದಲ್ಲಿ ಬಿದ್ದಿದ್ದ ಯಾವುದೋ ಹಳೇ ಅಡಾಪ್ಟರಿನ ಪಿನ್ನು "ಕರೆಕ್ಟಾಗಿ ಕೂರ್ತು" ಎಂದು ಸಂಭ್ರಮಪಡಬೇಡಿ. ಕೂರುವುದಕ್ಕೂ ಹೊಂದುವುದಕ್ಕೂ ವ್ಯತ್ಯಾಸವಿದೆ, ಜಾತಕ ನೋಡುವವರಿಗೆ ಇದು ಗೊತ್ತಿರಬೇಕು.

ಜಾಗದ ಮಾತು ಬಂದರೆ ಜಗಳವೇ. ತಂತಿ ಎಲ್ಲಿಂದ ಒಳಗೆ ಬಂತೋ ಅಲ್ಲೇ ರೌಟರಿನ ಪ್ರತಿಷ್ಠಾಪನೆ: ಬಾಗಿಲ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ, ಅದರ ಬಾಗಿಲಿಗೊಂದು ಆಳೆತ್ತರದ ಕನ್ನಡಿ ಬೇರೆ. ಲೋಹವೂ ಕನ್ನಡಿಯೂ ತರಂಗವನ್ನು ಬಂದ ದಾರಿಗೇ ಅಟ್ಟುತ್ತವೆ. ಎದುರಿಗೆ ಅಡುಗೆಮನೆಯ ಮೈಕ್ರೋವೇವ್, ಅದು ಕೆಲಸ ಮಾಡುವುದೂ ವೈಫೈಯ 2.4 ಗಿಗಾಹರ್ಟ್ಸ್ ತರಂಗಗಳ ಓಣಿಯಲ್ಲೇ, ಸುಮಾರು 2.45ರಲ್ಲಿ. ಅನ್ನ ಬಿಸಿಯಾಗುವ ಎರಡು ನಿಮಿಷ ವೈಫೈ ಉಪವಾಸ. ಸಾಲದ್ದಕ್ಕೆ ಅಕ್ಕಪಕ್ಕದ ಎಂಟು ಮನೆಯವರೂ ಆಫೀಸಿನಿಂದ ಬಂದು ಅದೇ 2.4ರ ಓಣಿಯಲ್ಲಿ ನುಗ್ಗುತ್ತಾರೆ. ಅಲ್ಲಿ ಒಂದಕ್ಕೊಂದು ಭುಜ ತಾಗದ ಚಾನೆಲ್ಲುಗಳು ಮೂರೇ: 1, 6, 11. ಸಂಜೆ ಏಳೂಮುಕ್ಕಾಲಿನ ಗುಟ್ಟು ಇಷ್ಟೇ. ಹತ್ತಿರ ಕೂರುವವರು ವೈಫೈಯ ಇನ್ನೊಂದು ಓಣಿಯಾದ 5 ಗಿಗಾಹರ್ಟ್ಸ್‌ಗೆ ಹೋಗಿಬಿಟ್ಟರೆ ಪಾಡು. ವೇಗ ಹೆಚ್ಚು, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಅದಕ್ಕೆ ಉಬ್ಬಸ.

ಆಂಟೆನಾಗಳನ್ನು ಕೋಣೆಯತ್ತ ಈಟಿಯ ಹಾಗೆ ತಿರುಗಿಸುವವರಿದ್ದಾರೆ. ಸಿಗ್ನಲ್ಲು ತುದಿಯಿಂದ ಪಿಚಕಾರಿಯಂತೆ ಚಿಮ್ಮುವುದಿಲ್ಲ ಸ್ವಾಮಿ. ಅದರ ಆಕಾರ ಉದ್ದಿನ ವಡೆಯದ್ದು, ಆಂಟೆನಾ ನಿಂತಿರುವುದು ವಡೆಯ ತೂತಿನಲ್ಲಿ. ತುದಿಯನ್ನು ನಿಮ್ಮತ್ತ ತಿರುಗಿಸಿಕೊಂಡರೆ ನಿಮ್ಮ ಪಾಲಿಗೆ ತೂತು ಮಾತ್ರ. ಅದೇ ಅಂತಸ್ತಿಗೆ ನೆಟ್ಟಗೆ ನಿಲ್ಲಿಸಿ, ಮಹಡಿಗೂ ಬೇಕಿದ್ದರೆ ಒಂದನ್ನು ಅಡ್ಡ ಮಲಗಿಸಿ.

ಆಂಟೆನಾ ತಿರುಗಿಸುವ ಕೈಗಳಿಗೆ ಹಳೆಯ ಚಾಳಿಯೂ ಇದೆ ಅನ್ನಿ. ದೂರದರ್ಶನದ ಕಾಲದಲ್ಲಿ ಹೆಂಚಿನ ಮೇಲೆ ಒಬ್ಬರು, ಕಿಟಕಿಯಲ್ಲಿ ಒಬ್ಬರು, ಟೀವಿ ಮುಂದೆ ಒಬ್ಬರು. "ಬಂತಾ?" "ಬಂತು, ಬಂತು... ಹೋಯ್ತು." ಚಿತ್ರ ನೆಟ್ಟಗಾಗಬೇಕಾದರೆ ಮೂರು ಜನ ಪರಸ್ಪರ ಕೂಗಲೇಬೇಕಿತ್ತು. ಮೇಲಿದ್ದವರಿಗೆ ಆ ವಾರದ ಚಿತ್ರಹಾರ ಸದ್ದಿನಲ್ಲಷ್ಟೇ ಸಿಗುತ್ತಿತ್ತು. ಈಗ ಒಂದೇ ಮನೆಯ ನಾಲ್ಕು ಕೋಣೆಗಳಿಂದ "ನೆಟ್ ಇಲ್ವಾ?" ಎಂಬ ವಾಟ್ಸ್ಯಾಪ್ ಮೊಬೈಲ್ ಡೇಟಾದ ಮೇಲೆ ಬರುತ್ತದೆ.

ಇಷ್ಟರ ಮೇಲೆ ಪ್ರತಿ ಮನೆಯಲ್ಲೂ ಒಬ್ಬರು ಪಿನ್ನು ಚುಚ್ಚುವವರಿರುತ್ತಾರೆ. ಸಾಮಾನ್ಯವಾಗಿ ನಿವೃತ್ತರು, ಫ್ಯೂಸು ಕಟ್ಟಿದ ಅನುಭವವುಳ್ಳವರು. ಎಲ್ಲರೂ ಕೈಚೆಲ್ಲಿದಾಗ ಎದ್ದು ಬಂದು, ರೌಟರನ್ನು ಮಗುಚಿ, ಕನ್ನಡಕ ಹಣೆಗೇರಿಸಿ, ರಿಸೆಟ್ ಎಂದು ಬರೆದ ಸಣ್ಣ ತೂತನ್ನು ಪತ್ತೆ ಹಚ್ಚುತ್ತಾರೆ. ಒಳಕ್ಕೆ ತಿರುಗಿ "ಒಂದು ಪಿನ್ನು ಕೊಡು" ಎನ್ನುತ್ತಾರೆ. ಬಳೆಯಲ್ಲಿ ಸಿಕ್ಕಿಸಿಟ್ಟ ಮೂರು ಪಿನ್ನುಗಳಲ್ಲಿ ಒಂದು ಕೈ ಬದಲಿಸುತ್ತದೆ. ಕೊಡುವವರೂ ಕೇಳುವುದಿಲ್ಲ ಯಾಕೆಂದು. ಚುಚ್ಚುತ್ತಾರೆ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಾರೆ. ಎಲ್ಲ ದೀಪಗಳೂ ಒಮ್ಮೆಗೇ ಆರಿ, ಒಮ್ಮೆಗೇ ಹತ್ತುತ್ತವೆ. "ನೋಡಿ, ಜೀವ ಬಂತು!"

ಜೀವ ಬಂತು, ನೆನಪು ಹೋಯಿತು. ರಿಸ್ಟಾರ್ಟು ಎಂದರೆ ನಿದ್ದೆ ಮಾಡಿ ಏಳುವುದು, ರಿಸೆಟ್ಟು ಎಂದರೆ ಪುನರ್ಜನ್ಮ. ಮಗ ಇಟ್ಟಿದ್ದ ವೈಫೈ ಹೆಸರು ಮಾಯವಾಗಿ, ಕಾರ್ಖಾನೆಯ ಹೆಸರು ಮೂಡಿರುತ್ತದೆ. ಪಾಸ್‌ವರ್ಡು ಪೆಟ್ಟಿಗೆಯ ಬೆನ್ನ ಮೇಲಿನ ಚೀಟಿಯಲ್ಲಿ ಸಿಗುತ್ತದೆ, ಅದು ದೊಡ್ಡ ವಿಷಯವಲ್ಲ. ಎಷ್ಟೋ ಸಂಪರ್ಕಗಳಲ್ಲಿ ರೌಟರು ಕಂಪನಿಗೆ ತನ್ನ ಗುರುತು ಹೇಳಿಕೊಳ್ಳಲು ಪಿಪಿಪಿಒಇ (PPPoE) ಎಂಬ ಇನ್ನೊಂದು ಯೂಸರ್ ಐಡಿ ಮತ್ತು ಗುಪ್ತಪದ ಇರುತ್ತದೆ, ಕಂಪನಿಯವರ ಹುಡುಗ ಮೊದಲ ದಿನ 192.168.1.1 ಎಂಬ ರೌಟರಿನ ಸೆಟ್ಟಿಂಗ್ ಪುಟ ತೆರೆದು ಸರಸರನೆ ತುಂಬಿ ಹೋದದ್ದು. ಅದೂ ಅಳಿಸಿರುತ್ತದೆ. ಫೋನು ಮಾಡಿದರೆ ಹನ್ನೆರಡು ನಿಮಿಷದ ಹಾಡು, ಆಮೇಲೆ ಉತ್ತರ: "ನಿಮ್ಮ ಮಾಹಿತಿಯನ್ನು ಈಮೇಲಿಗೆ ಕಳಿಸಿದ್ದೇವೆ ಸರ್." ನೆಟ್ ಇಲ್ಲದ್ದಕ್ಕೇ ತಾನೇ ಫೋನು ಮಾಡಿದ್ದು ಎಂದರೆ, "ನಮ್ಮ ಆ್ಯಪಿನಲ್ಲೂ ನೋಡಬಹುದು ಸರ್." ಪಿನ್ನು ಚುಚ್ಚಿದವರು ಅಷ್ಟರಲ್ಲಿ ಊಟಕ್ಕೆ ಕೂತಿರುತ್ತಾರೆ. ಸಾರು ಬಡಿಸಿಕೊಳ್ಳುತ್ತ, ಈಗಿನ ವಸ್ತುಗಳಿಗೆ ಬಾಳಿಕೆಯೇ ಇಲ್ಲ ಎನ್ನುತ್ತಾರೆ.

ಆ ತೂತಿನ ಮೇಲೆ ಒಂದು ತುಂಡು ಟೇಪು ಅಂಟಿಸಿ. ಪಿಪಿಪಿಒಇ ವಿವರವನ್ನು ಕಾಗದದ ಮೇಲೆ ಬರೆದಿಡಿ, ಫೋನಿನಲ್ಲಿ ಬೇಡ. ಬಹುತೇಕ ಮನೆಗಳಲ್ಲಿ ಬರೆದೂ ಇರುತ್ತಾರೆ, ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ, ಗ್ಯಾಸ್ ಬುಕಿಂಗ್ ನಂಬರಿನ ಕೆಳಗೆ, ನೀಲಿ ಬಾಲ್‌ಪೆನ್ನಿನಲ್ಲಿ. ಅದು ಹೋದ ವರ್ಷದ ಕ್ಯಾಲೆಂಡರು. ಜನವರಿ ಬಂದಾಗ ಹಾಳೆ ದಪ್ಪಗಿದೆಯೆಂದು ಅಡುಗೆಮನೆಯ ಷೆಲ್ಫಿಗೆ ಹಾಸಿದ್ದಾರೆ, ಮೇಲೆ ಐದು ಕೆಜಿಯ ತೊಗರಿಬೇಳೆ ಡಬ್ಬ.