ಅಂತಿಯೋಕ್ಯದ ಪಂಕ್ತಿಭೇದ

ಕಪಟ ಅಂದ ಕೂಡಲೇ ನಮಗೆ ಯೇಸುವಿನ ಕಾಲದ ಯೆಹೂದಿ ಧರ್ಮನಿಷ್ಠರಾದ ಫರಿಸಾಯರು ನೆನಪಾಗುತ್ತಾರೆ. ಪುದೀನ, ಜೀರಿಗೆಗೂ ದಶಮಾಂಶ ಲೆಕ್ಕ ಹಾಕಿ ನ್ಯಾಯ, ಕರುಣೆಗಳನ್ನು ಕೈಬಿಟ್ಟವರು. ಯೇಸು ಅವರನ್ನು ಖಂಡಿಸುವ ಮತ್ತಾಯನ ಸುವಾರ್ತೆಯ 23ನೇ ಅಧ್ಯಾಯವನ್ನು ನಾವು ಓದುವುದೇ ಬೇರೆ ಯಾರದೋ ಬಗ್ಗೆ ಬರೆದದ್ದು ಎಂಬಂತೆ. ಹಾಗಾಗಿ ನನಗೆ ಅದಕ್ಕಿಂತ ಭಯ ಹುಟ್ಟಿಸುವುದು ಅಪೊಸ್ತಲ ಪೌಲ ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯ. ಅಲ್ಲಿ ಕಪಟಕ್ಕೆ ಬಿದ್ದವನು ಯೇಸುವಿನ ಮುಖ್ಯ ಶಿಷ್ಯ ಪೇತ್ರ.

ಅಂತಿಯೋಕ್ಯ ಪಟ್ಟಣದ ಕ್ರೈಸ್ತ ಸಭೆಯಲ್ಲಿ ಅವನು ಅನ್ಯಜನರ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಉಣ್ಣುತ್ತಿದ್ದ; ಕಟ್ಟಾ ಯೆಹೂದ್ಯರಿಗೆ ಅದು ಕೂಡದು. ಯೆರೂಸಲೇಮಿನ ಸಭೆಯ ಹಿರಿಯ ಯಾಕೋಬನ ಕಡೆಯವರು ಬಂದರು ನೋಡಿ, ಮೆಲ್ಲಗೆ ಹಿಂದೆ ಸರಿದ. ತಿಳಿಯದೆ ಮಾಡಿದ್ದಲ್ಲ. ದೇವರು ಶುದ್ಧಮಾಡಿದ್ದನ್ನು ಅಶುದ್ಧ ಎನ್ನಬೇಡ ಎಂಬ ದರ್ಶನವನ್ನು ಯೊಪ್ಪದಲ್ಲಿ ಕಂಡವನು, ರೋಮನ್ ಸೇನಾಧಿಕಾರಿ ಕೊರ್ನೇಲ್ಯನ ಮನೆಯಲ್ಲಿ ನಿಂತು ದೇವರು ಪಕ್ಷಪಾತಿಯಲ್ಲ ಎಂದು ತನ್ನ ಬಾಯಿಂದಲೇ ಹೇಳಿದವನು. ಬಂದವರು ಏನಂದುಕೊಂಡಾರೋ ಎಂಬ ಅಂಜಿಕೆ ಅವನನ್ನು ಎಬ್ಬಿಸಿತು. ಅವನನ್ನು ನೋಡಿ ಉಳಿದ ಯೆಹೂದ್ಯರೂ ಸರಿದರು, ಕೊನೆಗೆ ಬಾರ್ನಬನೂ. ಹೊಲ ಮಾರಿದ ಹಣವನ್ನು ಅಪೊಸ್ತಲರ ಪಾದದ ಬಳಿ ಇಟ್ಟ ಬಾರ್ನಬ! ಅದೇ ಅಂತಿಯೋಕ್ಯದಲ್ಲಿ ವರ್ಷವಿಡೀ ಬೋಧಿಸಿದವನು!

ಪಂಕ್ತಿಭೇದ ಎಂದರೇನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಸಭೆಯೊಳಗೆ ಜಾತಿ ಕೂಡದೆಂದು ಪಟ್ಟು ಹಿಡಿದರು. ಸಭೆಗೆ ಸೇರಿದವರಲ್ಲಿ ಎಷ್ಟೋ ಮಂದಿ ಮನೆ, ಕಸುಬು, ಬಂಧುಬಳಗ ಕಳೆದುಕೊಂಡರು. ಅವರ ಹೊಟ್ಟೆಪಾಡಿಗೆಂದೇ ಮಿಷನ್ ನೇಯ್ಗೆ, ಹೆಂಚಿನ ಕೆಲಸಗಳಿಗೆ ಕೈಹಾಕಿತು. ಅಂಥ ಬೆಲೆ ತೆತ್ತವರ ನಾಡಿನಲ್ಲಿ ಇವತ್ತು ಹೆಣ್ಣು-ಗಂಡಿನ ಮಾತುಕತೆ ಹೇಗೆ ನಡೆಯುತ್ತದೆ? ಮೊದಲು ಎಲ್ಲರೂ ತಲೆಬಾಗಿ ಪ್ರಾರ್ಥನೆ. ಆಮೇಲೆ ಚಹಾ. ಲೋಟ ಕೆಳಗಿಡುವಾಗ ಹಿರಿಯರೊಬ್ಬರು ದನಿ ತಗ್ಗಿಸಿ, "ಅಲ್ಲಾ, ಅವರು ಮೊದಲು ಯಾವ ಪೈಕಿ?" ಯಾರೂ ಬೆಚ್ಚುವುದಿಲ್ಲ. ಉತ್ತರ ಒಗ್ಗದಿದ್ದರೆ ಎರಡು ದಿನ ಬಿಟ್ಟು ಫೋನ್ ಹೋಗುತ್ತದೆ: "ಪ್ರಾರ್ಥನೆ ಮಾಡಿದೆವು, ಕರ್ತನ ಚಿತ್ತ ಇಲ್ಲ ಅಂತ ಕಾಣುತ್ತೆ."

ನನ್ನ ಸಂಕಟ ಆ ಕೊನೆಯ ಮಾತಿನ ಬಗ್ಗೆ. ಜಾತಿ ಕೇಳಿದ್ದೇ ಪಾಪ, ಅದನ್ನು ದೇವರ ತಲೆಗೆ ಕಟ್ಟಿದ್ದು ಅದಕ್ಕಿಂತ ಘೋರ. ಯೇಸು ಹೇಳಿದ ಸಾಮ್ಯದಲ್ಲಿ, ದೇವಾಲಯದಲ್ಲಿ ಎದೆ ಬಡಿದುಕೊಂಡ ಸುಂಕದವನಿಗೆ ತಾನು ಪಾಪಿ ಎಂದು ಗೊತ್ತಿತ್ತು, ಕರುಣೆ ಬೇಡಿದ, ನೀತಿವಂತನೆನಿಸಿಕೊಂಡು ಮನೆಗೆ ಹೋದ. ತನ್ನ ಪಾಪಕ್ಕೆ ದೇವರ ಚಿತ್ತ ಎಂದು ಹೆಸರಿಟ್ಟವನು ಏನನ್ನು ಅರಿಕೆ ಮಾಡಿಯಾನು? ಅವನ ಉಪವಾಸ, ಪ್ರಾರ್ಥನೆಗಳೆಲ್ಲ ಆ ಸುಳ್ಳಿಗೇ ಬಲ ಕೊಡುತ್ತವೆ. ಭಾನುವಾರ ಬಂದು ಕರ್ತನ ಭೋಜನದ ಒಂದೇ ರೊಟ್ಟಿಯಲ್ಲಿ ಪಾಲು ತೆಗೆದುಕೊಳ್ಳುತ್ತಾನೆ, ಎಲ್ಲೂ ಚುಚ್ಚುವುದಿಲ್ಲ. ಆ ಚುಚ್ಚದಿರುವಿಕೆಯೇ ನನಗೆ ದಿಗಿಲು. ಪಕ್ಕದ ಕೋಣೆಯಲ್ಲಿ ಆ ಪ್ರಶ್ನೆ ಕೇಳಿಸಿಕೊಂಡ ಮಕ್ಕಳು ನಾಳೆ ಸಭೆ ಬಿಟ್ಟರೆ ಕಾಲ ಕೆಟ್ಟಿತು ಎಂದು ದಯವಿಟ್ಟು ಹೇಳಬೇಡಿ.

ಪೌಲ ಪೇತ್ರನನ್ನು ಎಲ್ಲರೆದುರಿಗೇ ಕೇಳಿದ. ಸಭಾಪಾಲಕರೇ, ನಿಮ್ಮನ್ನು ಇಂಥ ಮಾತುಕತೆಗೆ ಪ್ರಾರ್ಥಿಸಲು ಕರೆಯುತ್ತಾರಲ್ಲ, ಆ ಪ್ರಶ್ನೆ ಎದ್ದಾಗ ಚಹಾ ಕುಡಿಯುತ್ತ ಸುಮ್ಮನಿರಬೇಡಿ. ಕೇಳಿದವರು ಕಮಿಟಿಯ ಹಿರಿಯರೇ ಇರಬಹುದು, ದೊಡ್ಡ ಕಾಣಿಕೆ ಕೊಡುವವರೇ ಇರಬಹುದು. ಅಲ್ಲೇ, ಅವರ ಮುಖ ನೋಡಿಯೇ, ಇದು ತಪ್ಪು ಅನ್ನಿ.